ಕಾಮಿಕ್ಸ್‌ನಿಂದ ಹುಟ್ಟಿದ ಸಂಗೀತ ನಾಟಕ: ಯುಪಿ (ಅಪ್ಪರ್ ಪ್ರೈಮರಿ) ಮಕ್ಕಳಿಗೆ ಹೇಗೆ ಪರಿಚಯಿಸೋಣ?

ಮುಳ್ಳೇರಿಯ ಟೀಚರ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಆರು, ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಈ ಮಳೆಗಾಲದಲ್ಲಿ ಮಕ್ಕಳಿಗೆ ಒಂದು ಹೊಸ ಬಗೆಯ ನಾಟಕ ತೋರಿಸಬೇಕು ಅಂತ ಆಸೆ. ಪತ್ರಿಕೆಯಲ್ಲಿ ನಾಲ್ಕು ಚೌಕದೊಳಗೆ ಬರುವ ಕಾಮಿಕ್ ಸ್ಟ್ರಿಪ್ ಇದೆಯಲ್ಲ, ಅದರ ಪಾತ್ರಗಳೇ ರಂಗದ ಮೇಲೆ ಬಂದು ಹಾಡಿ ಕುಣಿಯುವ ನಾಟಕ. ಅಮೆರಿಕದಲ್ಲಿ ಇಂಥವು ಕೆಲವು ಬಂದಿವೆ. ನನ್ನ ಮನಸ್ಸಿನಲ್ಲಿರುವುದು ಎರಡು. ಒಂದು ‘ಆನಿ’. ಇನ್ನೊಂದು ‘ಯೂ ಆರ್ ಎ ಗುಡ್ ಮ್ಯಾನ್, ಚಾರ್ಲಿ ಬ್ರೌನ್’.

ಹಾಡು, ಮಾತು, ಕುಣಿತ ಒಟ್ಟಿಗೆ ಇರುವ ಆಟ ನಮ್ಮ ಮಕ್ಕಳಿಗೆ ಹೊಸದಲ್ಲ. ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆಯೇ ಇದೆ. ಬಯಲಾಟಕ್ಕೆ ಹೋಗಿ ಅಮ್ಮನ ಮಡಿಲಲ್ಲಿ ನಿದ್ದೆ ಮಾಡಿ, ಚೆಂಡೆ ಜೋರಾದಾಗ ಎದ್ದು ಕೂತವರೇ ಜಾಸ್ತಿ. ಆದರೆ ಅಲ್ಲಿ ಬರುವವರು ದೇವರು, ರಾಜರು, ರಾಕ್ಷಸರು. ಊಟದ ಬಿಡುವಿನಲ್ಲಿ ಒಬ್ಬನೇ ಕೂತು ಬುತ್ತಿ ತಿನ್ನುವ ಹುಡುಗನಿಗೂ ಒಂದು ಹಾಡು ಇರಬಹುದು ಅಂತ ಇವರಿಗೆ ಯಾರೂ ತೋರಿಸಿಲ್ಲ. ನನಗೆ ಅದನ್ನು ತೋರಿಸಬೇಕು.

ಯಾವ ನಾಟಕದಿಂದ ಶುರು ಮಾಡೋಣ? ಮೊದಲು ವಿಡಿಯೋ ತೋರಿಸುವುದಾ, ಹಾಡು ಕೇಳಿಸುವುದಾ, ಕಾಮಿಕ್ಸ್ ಓದಿಸುವುದಾ? ತರಗತಿಯಲ್ಲಿ ತುಳು, ಮಲಯಾಳ, ಮರಾಠಿ, ಕೊಂಕಣಿ, ಹವ್ಯಕ ಮಾತಾಡುವ ಮಕ್ಕಳಿದ್ದಾರೆ. ಇಂಗ್ಲಿಷ್ ಹಾಡು ಓಡುವ ವೇಗದಲ್ಲಿ ಎಲ್ಲರಿಗೂ ಅರ್ಥವಾಗುವುದಿಲ್ಲ. ತಿಳಿದವರು ಹೇಳಿ.

ಬದಿಯಡ್ಕದ ಸಂಗೀತ ಮಾಷ್ಟ್ರು

ಟೀಚರೇ, ಒಳ್ಳೆಯ ಯೋಚನೆ. ನನ್ನ ಓಟು ‘ಆನಿ’ಗೆ.

ಹೆರಾಲ್ಡ್ ಗ್ರೇ ಎಂಬವರು ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ 1924ರಲ್ಲಿ ಶುರು ಮಾಡಿದ ಸ್ಟ್ರಿಪ್ ಅದು. ಗುಂಗುರು ಕೂದಲಿನ ಅನಾಥ ಹುಡುಗಿ, ಜೊತೆಗೆ ಸ್ಯಾಂಡಿ ಎಂಬ ನಾಯಿ, ವಾರ್‌ಬಕ್ಸ್ ಎಂಬ ಭಾರೀ ಶ್ರೀಮಂತ. ಸಂಗೀತ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಬಂದದ್ದು 1977ರ ಏಪ್ರಿಲ್‌ನಲ್ಲಿ. ಸಂಗೀತ ಚಾರ್ಲ್ಸ್ ಸ್ಟ್ರೌಸ್, ಹಾಡಿನ ಸಾಹಿತ್ಯ ಮಾರ್ಟಿನ್ ಚಾರ್ನಿನ್, ನಾಟಕ ಬರೆದವರು ಥಾಮಸ್ ಮೀಹನ್. ಆ ವರ್ಷದ ಅತ್ಯುತ್ತಮ ಸಂಗೀತ ನಾಟಕ ಅಂತ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ಒಟ್ಟು 2,377 ಪ್ರದರ್ಶನ ಆಯಿತು.

ನಾನು ‘ಆನಿ’ ಅನ್ನುವುದಕ್ಕೆ ಕಾರಣ ರಾಗ. ನಾಳೆ ಬೆಳಗಾಗುತ್ತದೆ ಅಂತ ಆನಿ ಹಾಡುವ ಹಾಡು ಒಮ್ಮೆ ಕೇಳಿದರೆ ಸಾಕು, ಮಕ್ಕಳ ಬಾಯಲ್ಲಿ ನಿಲ್ಲುತ್ತದೆ. ಇನ್ನು ಅನಾಥಾಲಯದ ಹುಡುಗಿಯರು ನೆಲ ಒರೆಸುತ್ತಾ ಹಾಡುವ ಗುಂಪು ಹಾಡು ಇದೆ. ಬಕೆಟ್, ಬ್ರಶ್ ಹಿಡಿದು ತಾಳ ಹಾಕಬಹುದು. ಹಾಡಲು ಬಾರದ ಮಗುವಿಗೂ ಅಲ್ಲಿ ಕೆಲಸ ಇದೆ. ನಮ್ಮ ಶಾಲೆಗಳಲ್ಲಿ ಸ್ವರ ಚೆನ್ನಾಗಿರುವ ಇಬ್ಬರು ಮೂವರನ್ನೇ ಎಲ್ಲ ಕಾರ್ಯಕ್ರಮಕ್ಕೂ ನಿಲ್ಲಿಸುತ್ತೇವೆ. ಉಳಿದವರು ಚಪ್ಪಾಳೆ ತಟ್ಟಲು ಮಾತ್ರ. ಅದು ನನಗೆ ತುಂಬಾ ಬೇಸರದ ವಿಷಯ.

ನೀರ್ಚಾಲಿನ ಓದುಗ

ಮಾಷ್ಟ್ರು ರಾಗದ ಬಗ್ಗೆ ಹೇಳಿದ್ದು ನಿಜ. ಆದರೂ ಮೊದಲ ಪರಿಚಯಕ್ಕೆ ನಾನು ಚಾರ್ಲಿ ಬ್ರೌನ್ ಕಡೆಗೆ.

‘ಆನಿ’ ನಡೆಯುವುದು 1933ರ ಡಿಸೆಂಬರ್‌ನಲ್ಲಿ. ಅಮೆರಿಕದಲ್ಲಿ ಕೆಲಸ ಇಲ್ಲದೆ ಜನ ಬೀದಿಗೆ ಬಿದ್ದ ಕಾಲ. ನಾಟಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸ್ವತಃ ಒಂದು ಪಾತ್ರ. ಅಷ್ಟು ಇತಿಹಾಸ ಹೇಳದೆ ಮಕ್ಕಳಿಗೆ ಅರ್ಧ ನಾಟಕ ಗೊತ್ತಾಗುವುದಿಲ್ಲ. ಹೈಸ್ಕೂಲಿನವರಿಗಾದರೆ ಚೆನ್ನ.

ಇನ್ನೊಂದು ಕಾರಣ ಇದೆ. ನಿಮಗೆ ಬೇಕಾದದ್ದು ಸ್ಟ್ರಿಪ್‌ನಿಂದ ರಂಗಕ್ಕೆ ಹೋಗುವ ದಾರಿ, ಅಲ್ವಾ? ‘ಆನಿ’ಯಲ್ಲಿ ಆ ದಾರಿ ಕಾಣುವುದು ಕಷ್ಟ. ಮೀಹನ್ ಸ್ಟ್ರಿಪ್‌ನಿಂದ ತೆಗೆದುಕೊಂಡದ್ದು ಮುಖ್ಯವಾಗಿ ಆನಿ, ವಾರ್‌ಬಕ್ಸ್, ಸ್ಯಾಂಡಿ ಈ ಮೂವರನ್ನು. ಕಥೆಯನ್ನು ಹೊಸದಾಗಿ ಕಟ್ಟಿದರು. ಮೂಲದ ಗ್ರೇ ಅವರಿಗೆ ರೂಸ್‌ವೆಲ್ಟ್ ಅವರ ನೀತಿಗಳನ್ನು ಕಂಡರೆ ಆಗುತ್ತಿರಲಿಲ್ಲ. ನಾಟಕದಲ್ಲಿ ಅದೇ ರೂಸ್‌ವೆಲ್ಟ್ ಆನಿಯ ಹಾಡು ಕೇಳಿ ಧೈರ್ಯ ತಂದುಕೊಳ್ಳುತ್ತಾರೆ! ದೊಡ್ಡವರಿಗೆ ಇದು ರುಚಿಯಾದ ವಿಷಯ. ಹನ್ನೆರಡು ವರ್ಷದವರಿಗೆ ಬೇಡ.

ಚಾರ್ಲಿ ಬ್ರೌನ್‌ನಲ್ಲಿ ಆ ದಾರಿ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಚಾರ್ಲಿ ಬರುವ ಸ್ಟ್ರಿಪ್, ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’, 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಶುರುವಾಯಿತು. 2000ದ ಫೆಬ್ರವರಿವರೆಗೆ ಅವರೇ ಬರೆದರು, ಅವರೇ ಚಿತ್ರಿಸಿದರು. ಕೊನೆಯ ಸ್ಟ್ರಿಪ್ ಅಚ್ಚಾಗುವ ಹಿಂದಿನ ದಿನ ತೀರಿಕೊಂಡರು. ಕ್ಲಾರ್ಕ್ ಗೆಸ್ನರ್ ಎಂಬವರು ಆ ಪಾತ್ರಗಳ ಮೇಲೆ ಸುಮ್ನೆ ಕೆಲವು ಹಾಡು ಕಟ್ಟಿ ಶುಲ್ಜ್ ಅವರಿಗೆ ಕಳುಹಿಸಿದರು. ಅವರು ಒಪ್ಪಿದರು. ಮೊದಲು ಹಾಡಿನ ರೆಕಾರ್ಡ್ ಬಂತು. ಆಮೇಲೆ 1967ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ಥಿಯೇಟರಿನಲ್ಲಿ ನಾಟಕ. ಮಾತುಗಳು ಹೆಚ್ಚಾಗಿ ಸ್ಟ್ರಿಪ್‌ನಿಂದಲೇ ಎತ್ತಿದವು. ನಟರೇ ಕೂತು ಜೋಡಿಸಿದ್ದು. ಆರೇ ಪಾತ್ರ. ದೊಡ್ಡವರು ಒಬ್ಬರೂ ಇಲ್ಲ. ರಂಗದ ಮೇಲೆ ಬಣ್ಣ ಬಳಿದ ಕೆಲವು ಆಕಾರಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ನಮ್ಮ ಶಾಲೆಯ ಬೆಂಚು, ಡೆಸ್ಕು ಸಾಕು.

ಕಥೆ ಅಂತ ಒಂದಿಲ್ಲ. ಚಾರ್ಲಿಯ ಒಂದು ಸಾಧಾರಣ ದಿನ, ಅಷ್ಟೇ. ಹಾಗಾಗಿ ಒಂದೇ ಒಂದು ದೃಶ್ಯ ತೆಗೆದುಕೊಂಡರೂ ಅದು ಪೂರ್ತಿ ಆಗುತ್ತದೆ. ಒಂದು ಪೀರಿಯಡ್‌ಗೆ ಒಂದು ದೃಶ್ಯ.

ಪೆರ್ಲದ ಅಪ್ಪ

ನನ್ನ ಮಗಳು ಏಳನೇ ತರಗತಿ. ನಾನು ಬೇಡ ಅನ್ನುತ್ತಿಲ್ಲ ಟೀಚರೇ. ಆದರೆ ಕೇಳಲೇಬೇಕು. ಚಾರ್ಲಿಯ ಕಥೆಯಲ್ಲಿ ಬರುವ ಬೇಸ್‌ಬಾಲ್, ಆಟಿಕೆಯ ಪಿಯಾನೋ, ಕೆಂಪು ಕೂದಲಿನ ಹುಡುಗಿ... ಇದೆಲ್ಲ ನಮ್ಮ ಮಕ್ಕಳಿಗೆ ಯಾಕೆ? ಈಗಲೇ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವವರು ಕಡಿಮೆ. ಇರುವ ಸಮಯದಲ್ಲಿ ನಮ್ಮದನ್ನೇ ಕಲಿಸಿದರೆ ಆಗದಾ? 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಉಳಿಸಲು ಎಷ್ಟು ಜನ ಜೀವ ತೇದಿದ್ದಾರೆ. ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥವರು ಮೇಷ್ಟ್ರಾಗಿದ್ದ ನಾಡು ಇದು. ನನ್ನ ಚಿಂತೆ ಅದು.

ಕುಂಬಳೆಯ ಮದ್ದಳೆಗಾರ

ಅಣ್ಣಾ, ನಿಮ್ಮ ಚಿಂತೆ ನಮ್ಮೆಲ್ಲರದ್ದೂ ಹೌದು. ನಾನು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು. ಮಕ್ಕಳಿಗೆ ಮದ್ದಳೆ ಕಲಿಸುತ್ತೇನೆ. ನನಗೆ ಇದರಿಂದ ಯಕ್ಷಗಾನಕ್ಕೆ ನಷ್ಟ ಅಂತ ಅನಿಸುವುದಿಲ್ಲ. ಲಾಭವೇ.

ಹೇಗೆ ಅಂದರೆ, ನಮ್ಮ ಮಕ್ಕಳು ಯಕ್ಷಗಾನ ಮಾಡುತ್ತಾರೆ, ಆದರೆ ಅದು ಹೇಗೆ ನಿಂತಿದೆ ಅಂತ ಯೋಚಿಸುವುದಿಲ್ಲ. ನಮ್ಮಲ್ಲಿ ಪದ ಹೇಳುವವರು ಭಾಗವತರು. ವೇಷಧಾರಿ ಕುಣಿಯುತ್ತಾನೆ. ಪದ ಮುಗಿದ ಮೇಲೆ ಅರ್ಥ ಹೇಳುತ್ತಾನೆ, ಅದೂ ಸ್ವಂತ ಮಾತಿನಲ್ಲಿ. ಅಮೆರಿಕದ ಆ ನಾಟಕದಲ್ಲಿ ಪಾತ್ರವೇ ಹಾಡುತ್ತದೆ. ಮಾತು ಬರೆದಿಟ್ಟದ್ದು, ಒಂದಕ್ಷರ ಆಚೀಚೆ ಇಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ ಮಗುವಿಗೆ ಭಾಗವತರ ಕೆಲಸ ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ.

ಹೀಗೆ ಮಾಡಿಸಿ. ಒಂದು ಸ್ಟ್ರಿಪ್ ಕೊಡಿ. ಒಬ್ಬರು ಭಾಗವತಿಕೆ ಮಾಡಲಿ, ಮತ್ತಿಬ್ಬರು ಅರ್ಥ ಹೇಳಲಿ. ಆಮೇಲೆ ಅದೇ ಸ್ಟ್ರಿಪ್ ಪಾತ್ರವೇ ಹಾಡುವ ಹಾಗೆ ಮಾಡಲಿ. ಚಾರ್ಲಿ ಊಟದ ಹೊತ್ತಿನಲ್ಲಿ ಒಬ್ಬನೇ ಕೂತು ಮಾತಾಡುವುದು ಒಳ್ಳೆಯ ಅರ್ಥಗಾರಿಕೆಯೇ. ಒಂದು ಮಾತ್ರ ಬೇಡ. ಅವನಿಗೆ ಕಿರೀಟ ಕಟ್ಟಿ, ಗೆಜ್ಜೆ ಹಾಕಿ ಯಕ್ಷಗಾನ ಮಾಡಲು ಹೋಗಬೇಡಿ. ಅವನು ಅಂಗಿ ಚಡ್ಡಿಯಲ್ಲೇ ಇರಲಿ.

ಕಾಸರಗೋಡಿನ ಲೈಬ್ರರಿ ಅಕ್ಕ

ಸ್ಟ್ರಿಪ್ ಓದುವುದರಿಂದಲೇ ಶುರು ಮಾಡಿ. ಈಗಿನ ಮಕ್ಕಳು ಕಾರ್ಟೂನ್ ನೋಡುತ್ತಾರೆ, ಕಾಮಿಕ್ಸ್ ಓದುವವರು ಕಡಿಮೆ. ಓದುವುದು ಬೇರೆಯೇ ಕೆಲಸ. ಒಂದು ಚೌಕ ಮತ್ತು ಇನ್ನೊಂದು ಚೌಕದ ನಡುವೆ ಏನಾಯಿತು ಅಂತ ಓದುವವರೇ ಊಹಿಸಬೇಕು.

ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲ ಇದೆ. ಎರಡು ಭಾಷೆಯ ಕಾಮಿಕ್ಸ್ ಬಲ್ಲ ಮನೆಗಳು ಬೇಕಾದಷ್ಟು. ನಮ್ಮ ಮನೆಗೆ ಕನ್ನಡದ ಮಕ್ಕಳ ಪತ್ರಿಕೆ ‘ಬಾಲಮಂಗಳ’ ಬರುತ್ತಿತ್ತು. ಅದರ ಕಾಮಿಕ್ಸ್ ನಾಯಕ ಡಿಂಗನಿಗಾಗಿ ಅಣ್ಣ ತಂಗಿ ಜಗಳ. ಪಕ್ಕದ ಮನೆಗೆ ಮಲಯಾಳದ ‘ಮನೋರಮ’ ವಾರಪತ್ರಿಕೆ. ಅದನ್ನು ಹಿಂದಿನ ಪುಟದಿಂದ ಓದಲು ಶುರು ಮಾಡುವುದು ಎಲ್ಲರ ಅಭ್ಯಾಸ, ಯಾಕೆಂದರೆ ಟೋಮ್ಸ್ ಅವರ ‘ಬೋಬನುಂ ಮೋಳಿಯುಂ’ ಎಂಬ ಕಾಮಿಕ್ಸ್ ಇರುತ್ತಿದ್ದದ್ದು ಅಲ್ಲಿ. ಅದರಲ್ಲೂ ಇಬ್ಬರು ಮಕ್ಕಳು, ಹಿಂದೆ ಮುಂದೆ ಓಡುವ ಒಂದು ನಾಯಿ. ಆನಿಗೆ ಸ್ಯಾಂಡಿ, ಚಾರ್ಲಿಗೆ ಸ್ನೂಪಿ, ಇವರಿಗೂ ಒಂದು ನಾಯಿ. ಅಜ್ಜ ಅಜ್ಜಿಯರ ಹತ್ತಿರ ಹಳೆಯ ಪ್ರತಿ ಇದ್ದರೆ ತರಲು ಹೇಳಿ. ಮನೆಯಲ್ಲೂ ಮಾತು ಶುರುವಾಗುತ್ತದೆ.

ಪೆರ್ಲದ ಅಣ್ಣನಿಗೆ ಒಂದು ಮಾತು. ಪರ ಊರಿನ ಕಥೆ ಓದಿ ನಮ್ಮ ಭಾಷೆ ಸೊರಗುವುದಿಲ್ಲ. ಆ ಕಥೆಯ ಬಗ್ಗೆ ಕನ್ನಡದಲ್ಲಿ ಮಾತಾಡುವುದು, ಜಗಳ ಮಾಡುವುದು ನಿಂತರೆ ಆಗ ಸೊರಗುತ್ತದೆ. ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಎಷ್ಟು ಭಾಷೆ ಕಲಿತಿದ್ದರು!

ಮುಳ್ಳೇರಿಯ ಟೀಚರ್

ಎಲ್ಲರಿಗೂ ಧನ್ಯವಾದ. ಪೆರ್ಲದ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ಒಂದು ನಿರ್ಧಾರ ಮಾಡಿದ್ದೇನೆ. ಹಾಡು ಮಾತ್ರ ಇಂಗ್ಲಿಷ್‌ನಲ್ಲಿ ಕೇಳೋಣ. ಉಳಿದ ಎಲ್ಲ ಮಾತುಕತೆ, ಬರವಣಿಗೆ ಕನ್ನಡದಲ್ಲಿ.

ಈ ವಾರ ಮೊದಲ ತರಗತಿ ಮಾಡಿದೆ. ಗಾಳಿಪಟದ ಸ್ಟ್ರಿಪ್ ಒಂದನ್ನು ಪ್ರೊಜೆಕ್ಟರಿನಲ್ಲಿ ಹಾಕಿದೆ. ಚಾರ್ಲಿಯ ಗಾಳಿಪಟ ಹೆಚ್ಚಾಗಿ ಮರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಯ ಚೌಕಕ್ಕೆ ಕಾಗದ ಅಂಟಿಸಿದ್ದೆ. ಏನಾಗಿರಬಹುದು ಅಂತ ಕೇಳಿದೆ. ಆ ಮರ ಗೇರುಮರವೇ ಅಂತ ಕೆಲವರು ಹಟ ಹಿಡಿದರು. ಗೇರುಮರದ ಗೆಲ್ಲು ತಗ್ಗಿನಲ್ಲಿ ಹರಡಿರುತ್ತದೆ, ದಾರ ಬಿಡಿಸುವುದು ಕಷ್ಟ ಅಂತ ಅವರ ವಾದ. ಅಮೆರಿಕ ಅಂತ ಅವರಿಗೆ ದೂರ ಅನಿಸಲೇ ಇಲ್ಲ.

ಆಮೇಲೆ ಕೇಳಿದೆ: ಇದರಲ್ಲಿ ಹಾಡು ಎಲ್ಲಿ ಬರಬೇಕು? ಗಾಳಿಪಟ ಹಾರುವಾಗಲಾ, ಸಿಕ್ಕಿಹಾಕಿಕೊಂಡ ಮೇಲಾ? ಅರ್ಧ ತರಗತಿ ಹಾರುವಾಗ ಅಂದಿತು. ಇನ್ನರ್ಧ ಹಾರುವ ಮೊದಲು, ‘ಈ ಸಲ ಆಗುತ್ತದೆ’ ಅಂತ ಅವನಿಗೆ ಅನಿಸುವಾಗ ಅಂದಿತು. ಲೈಬ್ರರಿ ಅಕ್ಕ ಹೇಳಿದ ಹಾಗೆ ಚೌಕಗಳ ನಡುವಿನ ಜಾಗ ಖಾಲಿ ಇರುತ್ತದೆ. ಹಾಡು ಹುಟ್ಟುವುದು ಅಲ್ಲೇ. ಅದನ್ನು ನಾನು ವಿವರಿಸಲಿಲ್ಲ. ಮಕ್ಕಳೇ ಜಗಳ ಮಾಡಿ ಹುಡುಕಿದರು. ಇದರ ನಂತರವೇ ನಾಟಕದ ಗಾಳಿಪಟದ ಹಾಡು ಕೇಳಿಸಿದೆ. ಶಬ್ದ ಎಲ್ಲ ಅರ್ಥವಾಗಲಿಲ್ಲ. ಆದರೆ ಗಾಳಿಪಟ ಎಲ್ಲಿ ಏರಿತು, ಎಲ್ಲಿ ಬಿತ್ತು ಅಂತ ರಾಗದಲ್ಲೇ ಹಿಡಿದರು.

ಲೂಸಿಯ ಬಗ್ಗೆ ಭಾರೀ ಚರ್ಚೆ ಆಯಿತು. ತಮ್ಮ ಲೈನಸ್‌ಗೆ ಪ್ರಕೃತಿಯ ಬಗ್ಗೆ ತಪ್ಪು ತಪ್ಪು ವಿಷಯ ಧೈರ್ಯವಾಗಿ ಕಲಿಸುವ ಅಕ್ಕ ಅವಳು. ಹುಡುಗರು ಅವಳು ಕೆಟ್ಟವಳು ಅಂದರು. ಹುಡುಗಿಯರು ಬಿಡಲಿಲ್ಲ. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವುದು ಯಾರು ಅಂತ ಕೇಳಿದರು. ಆ ಪ್ರಶ್ನೆಗೆ ಹುಡುಗರ ಹತ್ತಿರ ಉತ್ತರ ಇರಲಿಲ್ಲ.

ನೀರ್ಚಾಲಿನ ಓದುಗ

ಓದಿ ಖುಷಿಯಾಯಿತು ಟೀಚರೇ. ಮುಂದೆ ಪುಸ್ತಕದ ವರದಿಯ ದೃಶ್ಯ ತೆಗೆದುಕೊಳ್ಳಿ. ನಮ್ಮಲ್ಲಿ ಜೂನ್ 19ರ ವಾಚನಾ ದಿನದಿಂದ ವಾಚನಾ ವಾರ ಮಾಡಿ ಓದಿನ ಟಿಪ್ಪಣಿ ಬರೆಸುತ್ತೇವಲ್ಲ? ಆ ದೃಶ್ಯ ಅದೇ. ನಾಲ್ವರು ಮಕ್ಕಳು, ಒಂದು ಮೊಲದ ಕಥೆ, ನೂರು ಪದದ ವರದಿ. ಲೂಸಿ ಪದ ಎಣಿಸುತ್ತಾ ಬರೆಯುತ್ತಾಳೆ. ಶ್ರೋಡರ್‌ಗೆ ಮೊಲ ಬೇಡ, ಅವನು ರಾಬಿನ್ ಹುಡ್ ಕಥೆಗೆ ಹಾರುತ್ತಾನೆ. ಲೈನಸ್ ಮೊಲದ ಮನಸ್ಸನ್ನೇ ಬಗೆದು ನೋಡುತ್ತಾನೆ. ಚಾರ್ಲಿ ಇನ್ನೂ ಶುರುವೇ ಮಾಡಿಲ್ಲ, ಮಾಡಬೇಕಲ್ಲ ಅಂತ ಚಿಂತಿಸುತ್ತಾ ಕೂತಿದ್ದಾನೆ. ಕೊನೆಗೆ ನಾಲ್ಕೂ ಹಾಡು ಒಟ್ಟಿಗೆ ಹೋಗುತ್ತದೆ. ಪ್ರತಿ ತರಗತಿಯಲ್ಲೂ ಈ ನಾಲ್ವರು ಇದ್ದಾರೆ. ಮಕ್ಕಳಿಗೆ ತಾವು ಯಾರು ಅಂತ ಹುಡುಕಲು ಬಿಡಿ.

ಬದಿಯಡ್ಕದ ಸಂಗೀತ ಮಾಷ್ಟ್ರು

ಆ ನಾಲ್ಕು ಸ್ವರಗಳ ಹೆಣಿಗೆ ಹಾಡಲು ಕಷ್ಟ. ಕೇಳಿಸಿ, ಆದರೆ ಹಾಡಿಸುವುದು ಬೇಡ. ಹಾಡಿಸಲು ಬೇರೆ ದೃಶ್ಯ ಇದೆ. ಎಲ್ಲರೂ ಸೇರಿ ಒಂದು ಹಳೆಯ ಗುಂಪು ಹಾಡು ಅಭ್ಯಾಸ ಮಾಡುತ್ತಿರುತ್ತಾರೆ. ಹಾಡಿನ ನಡುವೆಯೇ ಒಂದು ಪೆನ್ಸಿಲಿಗಾಗಿ ಜಗಳ. ಹಾಡೂ ನಿಲ್ಲಬಾರದು, ಜಗಳವೂ ನಿಲ್ಲಬಾರದು. ಇದೇ ಮಾದರಿಯಲ್ಲಿ ಮಕ್ಕಳಿಗೆ ಬರುವ ಕನ್ನಡ ಗುಂಪು ಹಾಡು ಒಂದನ್ನು ಇಟ್ಟುಕೊಂಡು ಅವರದ್ದೇ ಜಗಳ ಕಟ್ಟಬಹುದು. ಶ್ರುತಿ ಬಿಡದೆ ಅಭಿನಯ ಮಾಡುವುದು ಹೇಗೆ ಅಂತ ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಗೊತ್ತಿಲ್ಲ.

ಇನ್ನೊಂದು. ಶ್ರೋಡರ್ ಆಟಿಕೆಯ ಪಿಯಾನೋ ನುಡಿಸುತ್ತಿರುವಾಗ ಲೂಸಿ ಅವನ ಹತ್ತಿರ ಮದುವೆಯ ಮಾತೆತ್ತುತ್ತಾಳಲ್ಲ, ಅವಳ ಮಾತು ಸಾಗುವುದು ಬೀಥೋವನ್‌ರ ‘ಮೂನ್‌ಲೈಟ್ ಸೊನಾಟಾ’ದ ಮೇಲೆ. ಮೊದಲು ಬರೀ ಪಿಯಾನೋ ಕೇಳಿಸಿ. ಕಣ್ಣು ಮುಚ್ಚಿ ಕೇಳಲಿ. ಆಮೇಲೆ ದೃಶ್ಯ.

ಮತ್ತೆ, ‘ಆನಿ’ಯನ್ನು ನಾನು ಬಿಟ್ಟುಕೊಟ್ಟಿಲ್ಲ. ಎಂಟನೇ ತರಗತಿಗೆ ಹೋದಾಗ ಇದೇ ಮಕ್ಕಳಿಗೆ ಅದನ್ನು ತೋರಿಸಬೇಕು. ಗ್ರೇ ಆನಿಯ ಕಣ್ಣಿಗೆ ಗುಡ್ಡೆಯನ್ನೇ ಬರೆಯುತ್ತಿರಲಿಲ್ಲ, ಬರೀ ಸೊನ್ನೆ. ಅಂಥ ಖಾಲಿ ಕಣ್ಣಿಗೆ ನಟಿ ಹೇಗೆ ಜೀವ ಕೊಡಬೇಕು ಅಂತ ದೊಡ್ಡ ಮಕ್ಕಳ ಹತ್ತಿರ ಮಾತಾಡಬಹುದು.

ಮಂಜೇಶ್ವರದ ವಕೀಲ

ಖುಷಿಯ ನಡುವೆ ಕಾನೂನಿನ ಮಾತು ಹೇಳಲೇಬೇಕು. ಎರಡೂ ನಾಟಕಕ್ಕೆ ಹಕ್ಕುದಾರರು ಇದ್ದಾರೆ.

ತರಗತಿಯಲ್ಲಿ ಪಾಠದ ಭಾಗವಾಗಿ ಸ್ಟ್ರಿಪ್ ತೋರಿಸುವುದಕ್ಕೆ ತೊಂದರೆ ಇಲ್ಲ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಶಾಲೆಗಳಿಗೆ ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯಾಗಿ ಅಧ್ಯಾಪಕರು, ವಿದ್ಯಾರ್ಥಿಗಳು ಆಡುವ ನಾಟಕಕ್ಕೂ ಇದೆ. ಆದರೆ ನೋಡುವವರು ಶಾಲೆಯ ಮಕ್ಕಳು, ಅಧ್ಯಾಪಕರು, ಹೆತ್ತವರು, ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಆಗಿರಬೇಕು. ಮೈಕ್ ಕಟ್ಟಿ ಊರಿಗೆಲ್ಲ ಆಮಂತ್ರಣ ಕೊಟ್ಟರೆ ಅದು ಬೇರೆ ಲೆಕ್ಕ. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವುದೂ ಬೇರೆ. ಪೂರ್ತಿ ನಾಟಕವನ್ನು ಕನ್ನಡಕ್ಕೆ ತಂದು ಆಡುವುದಾದರೆ ಒಪ್ಪಿಗೆ ಕೇಳಿಯೇ ಮಾಡಬೇಕು. ಚಾರ್ಲಿ ಬ್ರೌನ್‌ಗೆ ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್, ‘ಆನಿ’ಗೆ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಲೈಸೆನ್ಸ್ ಕೊಡುತ್ತವೆ. ‘ಆನಿ’ಗೆ ಶಾಲಾ ಮಕ್ಕಳಿಗೆಂದೇ ಸುಮಾರು ಒಂದು ಗಂಟೆಯ ಚಿಕ್ಕ ರೂಪವೂ ಇದೆ.

ಮಾಷ್ಟ್ರು ಹೇಳಿದ ದಾರಿ ಒಳ್ಳೆಯದು. ಮಾದರಿ ಮಾತ್ರ ನೋಡಿ, ಹಾಡು, ಮಾತು, ಪಾತ್ರ ಎಲ್ಲ ಸ್ವಂತದ್ದೇ ಕಟ್ಟಿ. ಆಗ ವಾರ್ಷಿಕೋತ್ಸವದಲ್ಲೂ ಧೈರ್ಯವಾಗಿ ಆಡಬಹುದು.

ಪೆರ್ಲದ ಅಪ್ಪ

ಎಲ್ಲ ಓದಿದೆ. ಮಗಳು ಮನೆಯಲ್ಲಿ ನಾಲ್ಕು ಚೌಕ ಗೀಟು ಹಾಕಿ ನಮ್ಮ ಮನೆಯದ್ದೇ ಕಥೆ ಬರೆಯುತ್ತಿದ್ದಾಳೆ. ಅಡಕೆ ಒಣಗಿಸುವಾಗ ಮಳೆ ಬರುವುದು, ಎಲ್ಲರೂ ಓಡುವುದು, ಅಜ್ಜಿ ಮಾತ್ರ ಕೂತಲ್ಲಿಂದಲೇ ಆಜ್ಞೆ ಮಾಡುವುದು. ಹಾಡು ಯಾವ ಚೌಕದಲ್ಲಿ ಬರಬೇಕು ಅಂತ ನನ್ನನ್ನೇ ಕೇಳಿದಳು. ಕನ್ನಡದಲ್ಲಿ ಅವಳು ಇಷ್ಟು ಖುಷಿಯಿಂದ ಬರೆದದ್ದನ್ನು ಈ ವರ್ಷ ನೋಡಿರಲಿಲ್ಲ. ಬೆಂಚು, ಬಟ್ಟೆ ಏನಾದರೂ ಬೇಕಿದ್ದರೆ ಪಿಟಿಎ (ಹೆತ್ತವರು, ಅಧ್ಯಾಪಕರ ಸಂಘ) ಕಡೆಯಿಂದ ಮಾಡೋಣ ಟೀಚರೇ.

ಮುಳ್ಳೇರಿಯ ಟೀಚರ್

ಅವಳ ಚೌಕಗಳನ್ನು ನಾನೂ ನೋಡಿದೆ ಅಣ್ಣಾ. ವಾರ್ಷಿಕೋತ್ಸವಕ್ಕೆ ಅಂಥದ್ದೇ ಬೇಕು. ವಕೀಲರ ಮಾತಿನಂತೆ ಚಾರ್ಲಿ ತರಗತಿಯೊಳಗೆ ಇರಲಿ. ರಂಗಕ್ಕೆ ಹೋಗುವುದು ಮಕ್ಕಳೇ ಬರೆದ ಸ್ಟ್ರಿಪ್‌ಗಳು. ಸಣ್ಣ ಸಣ್ಣ ದೃಶ್ಯ, ಎಲ್ಲರಿಗೂ ಪಾತ್ರ. ಯಾವ ದೃಶ್ಯದ ಕೊನೆಗೂ ನೀತಿ ಹೇಳಿಸುವುದಿಲ್ಲ. ಶುಲ್ಜ್ ಚಾರ್ಲಿಯನ್ನು ಗೆಲ್ಲಿಸಿದ್ದು ತೀರಾ ಅಪರೂಪ, ಸೋತವನಿಗೆ ಉಪದೇಶವನ್ನೂ ಮಾಡಲಿಲ್ಲ. ಆ ಗೌರವ ನಮ್ಮ ಮಕ್ಕಳಿಗೂ ಸಿಗಬೇಕು. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ ಇರುತ್ತದೆ, ಆಗ ಅಭ್ಯಾಸ ಇಟ್ಟುಕೊಳ್ಳೋಣವೇ?

ಉಪ್ಪಳದ ಹಳೆ ವಿದ್ಯಾರ್ಥಿ

ಶುಕ್ರವಾರ ಬೇಡ ಟೀಚರೇ. ಜುಮಾ ನಮಾಜಿಗೆ ಹೋಗುವ ಹುಡುಗರು ತಪ್ಪಿಹೋಗುತ್ತಾರೆ. ಬೇರೆ ದಿನ ಸಂಜೆ ಇಡಿ. ಬಸ್ಸಿನ ಸಮಯ ನೋಡಿ ಬಿಟ್ಟರೆ ಸಾಕು.

ಮುಳ್ಳೇರಿಯ ಟೀಚರ್

ಸರಿ, ಹಾಗಾದರೆ ಗುರುವಾರ ಕೊನೆಯ ಪೀರಿಯಡ್. ಹೆಡ್‌ಮಾಸ್ಟ್ರ ಹತ್ತಿರ ಮಾತಾಡುತ್ತೇನೆ. ಬದಿಯಡ್ಕದ ಮಾಷ್ಟ್ರೇ, ಮೊದಲ ಗುರುವಾರ ನೀವು ಹಾರ್ಮೋನಿಯಂ ತಂದು ಬರಬೇಕು. ಮದ್ದಳೆಗಾರರೇ, ನೀವೂ. ಅಜ್ಜಿಯ ಪಾತ್ರಕ್ಕೆ ಭಾಗವತಿಕೆ ಮಾಡುವುದಾ, ಅಜ್ಜಿಯೇ ಹಾಡುವುದಾ ಅಂತ ಮಕ್ಕಳು ನಿಮ್ಮನ್ನೇ ಕೇಳಬೇಕು ಅಂತಿದ್ದಾರೆ.

ಕುಂಬಳೆಯ ಮದ್ದಳೆಗಾರ

ಬರುತ್ತೇನೆ. ಅಜ್ಜಿಯೇ ಹಾಡಲಿ.